ತೊಳೆದು ಕೊಟ್ಟ ಕಪ್ಪು ಡಬ್ಬಿ

ಹೋದ ತಿಂಗಳು ಒಂದು ಫೋನು ಬಂತು. ನಮ್ಮ ವಿಶ್ವವಿದ್ಯಾಲಯದ ಪುತ್ತೂರು ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಸಂಶೋಧಕಿ ಶ್ರಾವ್ಯ ಮಾತಾಡಿದ್ದು. ದನಿಯಲ್ಲಿ ಮರ್ಯಾದೆ ಇತ್ತು, ಜೊತೆಗೆ ಈ ಹಳಬರು ಏನೇನು ಮಾಡಿಟ್ಟಿದ್ದಾರೋ ಎಂಬ ಗುಮಾನಿಯೂ ಇತ್ತು.

"ಮೇಡಂ, ಸ್ಟೋರಿನಲ್ಲಿ ಕಪ್ಪು ಡಬ್ಬಿ ಎಷ್ಟು ಉಂಟೋ ಅಷ್ಟೇ ಬಿಳಿ ಡಬ್ಬಿಯೂ ಉಂಟು. ಕಪ್ಪು ಡಬ್ಬಿ ಸೊಳ್ಳೆ ಮೊಟ್ಟೆ ಹಿಡಿಲಿಕ್ಕೆ, ಅದು ಗೊತ್ತುಂಟು. ಬಿಳಿಯದ್ದು ಎಂತಕ್ಕೆ? ಯಾವ ಪುಸ್ತಕದಲ್ಲೂ ಇಲ್ಲ. ಈ ಸಲ ತೆಗೆದುಬಿಡುದಾ ಅಂತ."

"ತೆಗಿಬೇಡ ಮಾರಾಯ್ತಿ. ಎಂತಕ್ಕೆ ಅಂತ ಬರೆದು ಕಳಿಸ್ತೇನೆ" ಅಂದೆ.

ಒಂದು ಪುಟದಲ್ಲಿ ಮುಗಿಯುತ್ತದೆ ಅಂದುಕೊಂಡು ಕುಳಿತೆ. ಆದರೆ ಆ ಡಬ್ಬಿಯ ಕಥೆ ಹೇಳಬೇಕಾದರೆ ಹಮೀದಾಕನನ್ನು ಹೇಳಬೇಕು, ಕಿಣಿ ಸರ್ ಅವರನ್ನು ಹೇಳಬೇಕು, ನನ್ನ ಮೂರ್ಖತನವನ್ನಂತೂ ಹೇಳಲೇಬೇಕು. ಹಾಗಾಗಿ ಶ್ರಾವ್ಯ, ಇದು ಸ್ವಲ್ಪ ಉದ್ದವಾಗುತ್ತದೆ. ಚಹಾ ಮಾಡಿಕೊಂಡು ಬಂದು ಓದು.

ನಾನು ವೈದ್ಯೆಯಲ್ಲ. ಗುರುತಿನ ಚೀಟಿಯಲ್ಲಿ ಜೀವವೈದ್ಯಕೀಯ ಸಂಶೋಧಕಿ ಎಂದು ಇತ್ತು. ಆದರೆ ಸುಳ್ಯದಿಂದ ಕಡಬದವರೆಗೆ ಊರಿನವರ ಬಾಯಲ್ಲಿ ನಾನು ನುಸಿ ಟೀಚರ್. ಸೊಳ್ಳೆಗೆ ನಮ್ಮ ಕಡೆ ನುಸಿ ಅಂತಲೇ ಹೇಳುವುದು. ಪಾಠ ಮಾಡದವಳು ಟೀಚರ್ ಹೇಗಾದೆ ಎಂದರೆ, ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಮನೆಮನೆಗೆ ಬರುವ ಹೆಂಗಸು ಒಂದೋ ಟೀಚರ್ ಆಗಿರಬೇಕು, ಇಲ್ಲವೇ ಜನಗಣತಿಗೆ ಬಂದ ಟೀಚರ್ ಆಗಿರಬೇಕು. ತಿದ್ದಲು ಹೋಗಿ ಸೋತು ಸುಮ್ಮನಾದೆ.

ಸಂಶೋಧನೆ ಅಂದಕೂಡಲೇ ಬಿಳಿ ಕೋಟು, ಸೂಕ್ಷ್ಮದರ್ಶಕ, ಗಾಜಿನ ನಳಿಗೆ ಇಷ್ಟೇ ಜನರ ಕಣ್ಣಿಗೆ ಬರುವುದು. ಅದೆಲ್ಲ ಇತ್ತು. ಆದರೆ ಕೆಲಸದ ಮುಕ್ಕಾಲು ಪಾಲು ಎಣಿಸುವುದು. ಯಾವ ಮನೆಯ ಹತ್ತಿರ ಡೆಂಗಿ ಹರಡುವ ಸೊಳ್ಳೆ ಎಷ್ಟು ಮೊಟ್ಟೆ ಇಟ್ಟಿದೆ, ಆ ಊರಿನಲ್ಲಿ ಯಾರಿಗೆ ಜ್ವರ ಬಂದಿದೆ, ಅವರ ರಕ್ತದಲ್ಲಿ ಏನು ಸಿಕ್ಕಿತು, ಈ ಮೂರನ್ನು ಕೂಡಿಸಿ ನೋಡುವುದು ನಮ್ಮ ಕಸುಬು. ಎಣಿಸಿ ಎಣಿಸಿ ನನಗೆ ಎಂಥ ಅಭ್ಯಾಸ ಆಗಿತ್ತೆಂದರೆ ಮದುವೆ ಊಟದಲ್ಲಿ ಎಲೆಯ ಮೇಲಿನ ಸಾಸಿವೆ ಎಣಿಸುತ್ತಿದ್ದೆ.

ಪ್ರಯೋಗಾಲಯದಲ್ಲಿ ಸಾಕಿದ ಸೊಳ್ಳೆಗಳಿಗೆ ರಕ್ತ ಕುಡಿಸಬೇಕು. ಈಗ ಅದಕ್ಕೆ ಯಂತ್ರ ಬಂದಿದೆ. ಆಗ ನಾವೇ ಪಂಜರದೊಳಗೆ ಕೈಯಿಟ್ಟು ಹತ್ತು ನಿಮಿಷ ಕುಳಿತುಕೊಳ್ಳುತ್ತಿದ್ದೆವು. ಮದುವೆಯಾದ ಹೊಸತರಲ್ಲಿ ನನ್ನ ತೋಳು ನೋಡಿ ಅತ್ತೆ ಬೇವಿನ ಎಲೆ ಅರೆದು ಹಚ್ಚಿದರು. ನಿಜ ಹೇಳಿದ ಮೇಲೆ ಮೂರು ದಿನ ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಇನ್ನೊಮ್ಮೆ ಸುಳ್ಯದಿಂದ ಬಸ್ಸಿನಲ್ಲಿ ಬರುವಾಗ ಗಾಜಿನ ಬಾಟಲಿಯಲ್ಲಿ ಸೊಳ್ಳೆಮರಿ ತುಂಬಿಸಿ ಹಿಡಿದು ನಿಂತಿದ್ದೆ. ಸೀಟಿನಲ್ಲಿ ಕೂತ ಹೆಂಗಸು "ಎಂತ, ಮೀನಿನ ಮರಿಯಾ?" ಅಂತ ಕೇಳಿದಳು. ರಗಳೆ ಬೇಡವೆಂದು ಹೌದು ಅಂದೆ. "ಹಾಗಾದ್ರೆ ಎರಡು ಕೊಡಿ ಮಾರಾಯ್ರೆ, ನಮ್ಮ ಮಗುವಿಗೆ ಆಡ್ಲಿಕ್ಕೆ" ಅಂದಳು. ಈಗ ನಿಜ ಹೇಳದೆ ಗತಿಯಿಲ್ಲ. ಹೇಳಿದೆ. ಆ ಇಡೀ ಸೀಟು ಖಾಲಿಯಾಯಿತು, ಪುತ್ತೂರಿನವರೆಗೆ ನಾನು ಕಾಲು ಚಾಚಿ ಕೂತು ಬಂದೆ.

ಪುತ್ತೂರಿನಲ್ಲಿ ನಮ್ಮದು ಬಾಡಿಗೆ ಮನೆಯ ಎರಡು ಕೋಣೆ. ಪ್ರಯೋಗಾಲಯದ ಮುಖ್ಯಸ್ಥರು ಪ್ರೊಫೆಸರ್ ಕಿಣಿ ಸರ್. ಸಪೂರ ಮನುಷ್ಯ. ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಸಿಟ್ಟು ಜಾಸ್ತಿಯಾದಷ್ಟೂ ಒರೆಸುವುದು ಜಾಸ್ತಿ. ನಾನು ಸೇರಿದ ವರ್ಷ ಒಂದು ಶನಿವಾರ ಸೂಜಿಗೆ ಚುಚ್ಚಿಟ್ಟ ಮಾದರಿ ಸೊಳ್ಳೆಗಳ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ಹೋದೆ. ಸೋಮವಾರ ಬಂದು ನೋಡಿದರೆ ಇರುವೆಗಳು ಎಲ್ಲವನ್ನೂ ತಿಂದು ಮುಗಿಸಿ ಸೂಜಿ ಮಾತ್ರ ಬಿಟ್ಟಿದ್ದವು. ಆಮೇಲೆ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಿನಲ್ಲಿ ಇಡಲು ಶುರುಮಾಡಿದೆ. ಎರಡು ವಾರ ಕಳೆದು ಕಿಣಿ ಸರ್ ಬಗ್ಗಿ ಆ ಬಟ್ಟಲು ನೋಡಿದರು. ಅದರೊಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಊರಿಗೆಲ್ಲ ನೀರು ನಿಲ್ಲಿಸಬೇಡಿ ಎಂದು ಹೇಳುವ ಪ್ರಯೋಗಾಲಯದೊಳಗೆ! ಅವತ್ತು ಕನ್ನಡಕ ತುಂಬಾ ಹೊತ್ತು ಒರೆಸಿಸಿಕೊಂಡಿತು.

ಅವರದ್ದು ಒಂದು ಪ್ರಶ್ನೆ ಇತ್ತು. ನಮ್ಮ ನೋಟ್‌ಬುಕ್ಕನ್ನು ವಾರಕ್ಕೊಮ್ಮೆ ಹಸಿರು ಪೆನ್ನು ಹಿಡಿದು ಓದುತ್ತಿದ್ದರು. ಎಲ್ಲಾದರೂ ಸೊನ್ನೆ ಕಂಡರೆ ಅಲ್ಲಿ ಬೆರಳಿಟ್ಟು, "ಇದು ಎಂಥ ಸೊನ್ನೆ? ನೋಡಿದೆ, ಇರ್ಲಿಲ್ಲ ಅಂತವಾ? ಅಲ್ಲ, ನೋಡ್ಲೇ ಇಲ್ಲ ಅಂತವಾ?" ಎಂದು ಕೇಳುತ್ತಿದ್ದರು. ಪ್ರತಿ ಸೊನ್ನೆಗೂ ಅದೇ ಪ್ರಶ್ನೆ. ನಮಗೆ ನಗು ಬರುತ್ತಿತ್ತು. ಅವರು ಆಚೆ ಹೋದ ಮೇಲೆ ನಾವೇ ಒಬ್ಬರನ್ನೊಬ್ಬರು "ನಿನ್ನ ಬುತ್ತಿಯಲ್ಲಿ ಚಟ್ನಿ ಸೊನ್ನೆ. ಎಂಥ ಸೊನ್ನೆ?" ಎಂದು ಅಣಕಿಸುತ್ತಿದ್ದೆವು.

ಜೀಪಿನ ಚಾಲಕ ಹಮೀದಾಕ. ಪುತ್ತೂರಿನ ಬ್ಯಾರಿ ಕುಟುಂಬದವರು, ಬ್ಯಾರಿ, ತುಳು, ಕನ್ನಡ, ಮಲಯಾಳ ನಾಲ್ಕೂ ಸಲೀಸು. ನಮ್ಮ ಕೆಲಸದ ಅರ್ಧ ಅವರ ನಾಲಗೆಯ ಮೇಲೆ ನಡೆಯುತ್ತಿತ್ತು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಮಾತಿಗೆ ಮೊದಲು ಚಹಾ ಕುಡಿಯಲೇಬೇಕು, ಯಾವ ಅಜ್ಜ ರಕ್ತ ಕೊಡುತ್ತಾರೆ ಆದರೆ ಸೂಜಿ ನೋಡಬಾರದು, ಎಲ್ಲ ಅವರಿಗೆ ಗೊತ್ತು.

ಈಗ ಡಬ್ಬಿಯ ವಿಷಯ. ಬಣ್ಣ ಬಳಿದ ಕಪ್ಪು ಡಬ್ಬಿ, ಅದರಲ್ಲಿ ಅರ್ಧ ನೀರು, ಒಳಗೋಡೆಗೆ ಅಂಟಿಕೊಂಡಂತೆ ಒಂದು ಬಟ್ಟೆಯ ಪಟ್ಟಿ. ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನೆರಳಿನಲ್ಲಿ ಇಡುವುದು. ಸೊಳ್ಳೆ ಬಂದು ನೀರಿನ ಅಂಚಿನಲ್ಲಿ ಪಟ್ಟಿಯ ಮೇಲೆ ಮೊಟ್ಟೆ ಇಡುತ್ತದೆ. ವಾರ ಕಳೆದು ಪಟ್ಟಿಯನ್ನು ತಂದು ಸೂಕ್ಷ್ಮದರ್ಶಕದ ಕೆಳಗೆ ಎಣಿಸುವುದು. ಆಲಂಕಾರಿನಲ್ಲಿ ಕೆಲವು ಮನೆ, ಕಲ್ಲುಗುಂಡಿಯಲ್ಲಿ ಕೆಲವು, ನೆಲ್ಯಾಡಿಯಿಂದ ಒಳಗೆ ಒಂದು ರಬ್ಬರ್ ಗುಡ್ಡದಲ್ಲಿ ಎಂಟು ಮನೆ. ಆಗ ಕಡಬ ಇನ್ನೂ ತಾಲೂಕು ಆಗಿರಲಿಲ್ಲ, ನೆಲ್ಯಾಡಿ ಪುತ್ತೂರಿಗೇ ಸೇರಿತ್ತು.

ಗುಡ್ಡದ ಮೊದಲನೇ ಮನೆ ಏಲಿಯಮ್ಮ ಚೇಚಿಯದ್ದು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ಚಿಕ್ಕವಳಿದ್ದಾಗ ಅಪ್ಪ ಅಮ್ಮನ ಜೊತೆ ಕೇರಳದಿಂದ ಬಂದು ಇಲ್ಲೇ ಬೆಳೆದವರು. ಗಂಡ ತೀರಿಹೋಗಿದ್ದರು. ಮಗ ಗಲ್ಫಿನಲ್ಲಿ, ಮನೆಯಲ್ಲಿ ಅವರು ಮತ್ತು ಸೊಸೆ ಜೆಸ್ಸಿ. ರಬ್ಬರ್ ಮರದಿಂದ ಹಾಲು ತೆಗೆಯುವುದು, ಶೀಟು ಒತ್ತುವುದು ಎಲ್ಲ ಚೇಚಿಯೇ ನಿಂತು ಮಾಡಿಸುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಲು ಟೀಚರೆ ಅನ್ನುತ್ತಿದ್ದರು, ಪ್ರೀತಿ ಹೆಚ್ಚಾದಾಗ ಮೋಳೆ, ಅಂದರೆ ಮಗಳೇ, ಅನ್ನುತ್ತಿದ್ದರು. ಆ ಮನೆಯ ಸ್ವಚ್ಛತೆ ನೋಡಿ ನನಗೆ ಚಪ್ಪಲಿ ಎಲ್ಲಿ ಬಿಡುವುದೆಂದೇ ಗೊತ್ತಾಗುತ್ತಿರಲಿಲ್ಲ.

ಮೊದಲ ಕೆಲವು ವಾರ ನಾನೇ ಎಲ್ಲ ಕಡೆ ಹೋಗಿ, ಹಿತ್ತಿಲಿಗೆ ನಡೆದು, ಡಬ್ಬಿ ಎತ್ತಿ ತಂದೆ. ಎಲ್ಲ ಕಡೆಯೂ ಮೊಟ್ಟೆ ಇದ್ದವು. ಮಳೆ ಶುರುವಾದ ಮೇಲೆ ಜ್ವರದ ರಕ್ತ ಪರೀಕ್ಷೆಯೂ ಕೂಡಿಕೊಂಡು ಮೂರು ದಿಕ್ಕಿಗೆ ಒಂದೇ ದಿನ ಓಡಲು ಆಗಲಿಲ್ಲ. ಗುಡ್ಡದ ಎಂಟು ಮನೆಯನ್ನು ಹಮೀದಾಕನಿಗೆ ಒಪ್ಪಿಸಿದೆ. ಅವರು ಪ್ರತಿ ಸೋಮವಾರ ಹೋಗಿ, ಪಟ್ಟಿಗಳನ್ನು ನಂಬರು ಬರೆದ ಕವರಿಗೆ ಹಾಕಿ, ಡಬ್ಬಿಗಳನ್ನು ಚೀಲದಲ್ಲಿ ತುಂಬಿಸಿ ತರುತ್ತಿದ್ದರು.

ಮೊದಲ ಸೋಮವಾರವೇ ಗುಡ್ಡದ ಎಂಟೂ ಪಟ್ಟಿಗಳಲ್ಲಿ ಒಂದೂ ಮೊಟ್ಟೆ ಇರಲಿಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರವೂ ಇಲ್ಲ. ಅದೇ ವಾರ ಆಲಂಕಾರಿನ ಪಟ್ಟಿಗಳು ಗಸಗಸೆ ಉದುರಿಸಿದ ಹಾಗಿದ್ದವು. ನನ್ನ ತಲೆ ಓಡತೊಡಗಿತು. ಗುಡ್ಡದಲ್ಲಿ ಎಂತ ಉಂಟು, ಬೇರೆ ಕಡೆ ಇಲ್ಲದ್ದು? ರಬ್ಬರ್ ಹಾಲು, ಶೀಟು ಒಣಗಿಸುವ ಹೊಗೆ, ಆ ಹುಳಿ ವಾಸನೆ. ಮಳೆಗಾಲದ ತಂಪಿನಲ್ಲಿ ಆ ವಾಸನೆ ಕೆಳಗೇ ನಿಂತು ಸೊಳ್ಳೆಯನ್ನು ಓಡಿಸುತ್ತಿರಬೇಕು! ಇದನ್ನು ಪ್ರಪಂಚದಲ್ಲಿ ಯಾರೂ ಕಂಡಿಲ್ಲ, ನಾನು ಕಂಡಿದ್ದೇನೆ ಅಂತ ಎದೆ ಉಬ್ಬಿತು.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಪಟ್ಟಿಗಳಿಗೆ ಸಾಬೂನಿನ ವಾಸನೆ ಇತ್ತು. ನನ್ನ ಮೂಗಿಗೆ ಬಂದಿತ್ತು. ಹಮೀದಾಕ ಶುದ್ಧದ ಮನುಷ್ಯ, ಕೈ ತೊಳೆದು ಮುಟ್ಟಿರಬೇಕು ಎಂದುಕೊಂಡೆ. ಬೇಕಾದ ಉತ್ತರ ಸಿಕ್ಕಿದ ಮೇಲೆ ಮೂಗು ಹೇಳುವುದು ಯಾರಿಗೆ ಬೇಕು?

ಇನ್ನೊಂದು ಸಂಗತಿಯೂ ಆ ದಿನಗಳಲ್ಲಿ ನಡೆಯುತ್ತಿತ್ತು. ಸೋಮವಾರ ಸಂಜೆ ಪ್ರಯೋಗಾಲಯಕ್ಕೆ ಗುಡ್ಡದಿಂದ ಕಾಗದದ ಪೊಟ್ಟಣಗಳು ಬರುತ್ತಿದ್ದವು. ಒಮ್ಮೆ ಹಲಸಿನ ಚಿಪ್ಸು, ಒಮ್ಮೆ ಒಣಗಿಸಿದ ಮರಗೆಣಸು, ಕಾಳುಮೆಣಸು, ಜಾಯಿಕಾಯಿ. "ಗುಡ್ಡದವರು ಕೊಟ್ಟದ್ದು" ಅನ್ನುತ್ತಿದ್ದರು ಹಮೀದಾಕ. ನಾವೆಲ್ಲ ಕೂತು ತಿನ್ನುತ್ತಿದ್ದೆವು. ಮೊಟ್ಟೆಯಿಲ್ಲದ ಪಟ್ಟಿ ನೋಡುತ್ತಾ ಚಿಪ್ಸು ತಿಂದವಳು ನಾನು.

ಆ ಮಳೆಗಾಲದಲ್ಲಿ ಮೂರು ತಿಂಗಳು ಕಿಣಿ ಸರ್ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆಯಲ್ಲಿದ್ದರು. ಅವರ ಜಾಗದಲ್ಲಿ ಉಸ್ತುವಾರಿಗೆ ಬಂದವರು ಚುರುಕಿನ ಮನುಷ್ಯ. ನನ್ನ ರಬ್ಬರ್ ವಾಸನೆಯ ಸಿದ್ಧಾಂತ ಅವರಿಗೆ ತುಂಬಾ ಹಿಡಿಸಿತು. ಮಳೆಗಾಲದಲ್ಲಿ ಆರೋಗ್ಯ ಇಲಾಖೆಯವರು ಯಾವ ಊರಿಗೆ ಮೊದಲು ಹೋಗಿ ನಿಂತ ನೀರು ಖಾಲಿ ಮಾಡಿಸಬೇಕು ಎಂದು ಪಟ್ಟಿ ಮಾಡುವ ಸಭೆಯಲ್ಲಿ ನನ್ನಿಂದ ಅದನ್ನು ಹೇಳಿಸಿದರು. ನಾನೂ ನಕ್ಷೆ ತೂಗುಹಾಕಿ ಹೇಳಿದೆ. ಗುಡ್ಡದ ಹೆಸರು ಪಟ್ಟಿಯ ಕೊನೆಗೆ ಹೋಯಿತು.

ಹದಿನೈದು ದಿನಕ್ಕೆ ಗುಡ್ಡದಿಂದ ಜ್ವರದ ಸುದ್ದಿ ಬಂತು. ಮೊದಲು ಇಬ್ಬರಿಗೆ, ಆಮೇಲೆ ಐದು ಮನೆಯಲ್ಲಿ. ಜೆಸ್ಸಿಯನ್ನು ಪುತ್ತೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ಡೆಂಗಿ ಅಂತೆ, ಆರು ತಿಂಗಳ ಬಸುರಿ ಬೇರೆ ಅಂತ ಹಮೀದಾಕ ಹೇಳಿದರು. ಕೂಡಲೇ ಜೀಪು ತೆಗೆಸಿದೆ.

ಏಲಿಯಮ್ಮ ಚೇಚಿ ಆಸ್ಪತ್ರೆಗೆ ಹೊರಟು ಅಂಗಳದಲ್ಲಿ ನಿಂತಿದ್ದರು, ಒಂದು ಕೈಯಲ್ಲಿ ಗಂಜಿಯ ಬುತ್ತಿ, ಇನ್ನೊಂದರಲ್ಲಿ ಕೊಡೆ. ನನ್ನನ್ನು ನೋಡಿ ಎರಡನ್ನೂ ಕೆಳಗಿಟ್ಟು ಒಳಗೆ ಹೋಗಿ ಡಬ್ಬಿ ತಂದರು. ತಿಕ್ಕಿ ತಿಕ್ಕಿ ಅದರ ಕಪ್ಪು ಬಣ್ಣವೇ ಅಲ್ಲಲ್ಲಿ ಎದ್ದಿತ್ತು. ಒಳಗೆ ನನ್ನ ಬಟ್ಟೆ ಪಟ್ಟಿ, ಒಗೆದು ಒಣಗಿಸಿ ನಾಲ್ಕು ಮಡಿಕೆ ಮಡಚಿಟ್ಟದ್ದು.

"ಡಬ್ಬಿ ತೊಳೆದಿಟ್ಟಿದ್ದೇನೆ ಟೀಚರೆ" ಅಂದರು. "ಇವತ್ತು ಅದರಲ್ಲಿ ಹಾಕಿ ಕೊಡ್ಲಿಕ್ಕೆ ಮಾತ್ರ ಎಂತ ಇಲ್ಲ. ಆಸ್ಪತ್ರೆ ಗಡಿಬಿಡಿ. ಬರಿ ಡಬ್ಬಿ ಕೊಡ್ತಿದ್ದೇನೆ, ಬೇಜಾರು ಮಾಡ್ಬೇಡಿ."

ನಾನು ಹಮೀದಾಕನ ಮುಖ ನೋಡಿದೆ. ಅವರು ಜೀಪಿನ ಹತ್ತಿರ ನಿಂತಿದ್ದರು, ಅಂಗಳದ ಆಚೆ. ಎಲ್ಲ ಅರ್ಥವಾಯಿತು. ಪರಗಂಡಸು ಹೆಂಗಸರ ಸ್ನಾನ, ಬಟ್ಟೆ ಒಗೆಯುವ ಹಿತ್ತಿಲಿಗೆ ಹೋಗುವುದುಂಟೇ? ಹಮೀದಾಕ ಅಂಗಳದ ಆಚೆ ನಿಂತು ಕೂಗುತ್ತಿದ್ದರು, ಹೆಂಗಸರು ಡಬ್ಬಿ ತಂದು ಕೊಡುತ್ತಿದ್ದರು. ಮನೆಗೆ ಬಂದವರ ಕೈಗೆ ಪಾಚಿಗಟ್ಟಿದ ನೀರಿನ ಡಬ್ಬಿ ಕೊಡುವುದಾದರೂ ಹೇಗೆ? ಅದಕ್ಕೆ ತೊಳೆದರು. ತೊಳೆದ ಮೇಲೆ ಬರಿದಾಗಿ ಕೊಡುವುದು ಹೇಗೆ? ಅದಕ್ಕೆ ತುಂಬಿಸಿದರು. ಒಂದು ಮನೆಯವರು ಹೀಗೆ ಕೊಟ್ಟದ್ದು ಗೊತ್ತಾದ ಮೇಲೆ ಉಳಿದ ಏಳು ಮನೆಯವರು ಸುಮ್ಮನಿರುತ್ತಾರೆಯೇ? ಪ್ರಯೋಗಾಲಯದ ಡಬ್ಬಿಯಲ್ಲಿ ತಿಂಡಿ ಕಂಡರೆ ಮೇಡಂ ಬೈಯುತ್ತಾರೆಂದು ಹಮೀದಾಕ ದಾರಿಯಲ್ಲೇ ಅದನ್ನು ಕಾಗದಕ್ಕೆ ಕಟ್ಟುತ್ತಿದ್ದರು. ಡಬ್ಬಿ ಎಲ್ಲಿಡಬೇಕು, ಎಷ್ಟು ನೀರು ಹಾಕಬೇಕು ಎಂದು ನಾನು ಎಲ್ಲರಿಗೂ ಹೇಳಿದ್ದೆ. ತಿರುಗಿ ಕೊಡುವಾಗ ಏನು ಮಾಡಬಾರದೆಂದು ಯಾರಿಗೂ ಹೇಳಿರಲಿಲ್ಲ.

ಚೇಚಿಯನ್ನು ಜೀಪಿನಲ್ಲಿ ಕೂರಿಸಿ ನಾನು ತೋಟದೊಳಗೆ ಸ್ವಲ್ಪ ಹತ್ತಿದೆ. ಮಳೆಗೆ ಹಾಲು ತೆಗೆಯುವುದು ನಿಂತಿತ್ತು. ಹಾಲು ಬೀಳಲು ಮರಮರಕ್ಕೂ ಕಟ್ಟಿದ ಬಟ್ಟಲುಗಳು ಬಾಯಿ ತೆರೆದುಕೊಂಡೇ ಇದ್ದವು. ಮೊದಲನೇ ಬಟ್ಟಲಲ್ಲಿ ಇಣುಕಿದೆ. ಮಳೆನೀರು, ಅದರ ತುಂಬಾ ಸೊಳ್ಳೆಮರಿ. ಎರಡನೆಯದ್ದರಲ್ಲೂ ಅದೇ. ಹತ್ತನೆಯದ್ದರವರೆಗೆ ನೋಡಿ ನಿಲ್ಲಿಸಿದೆ. ಸೊಳ್ಳೆಯೇ ಇಲ್ಲ ಎಂದು ನಾನು ಸಾರಿದ ಗುಡ್ಡ ಇದು.

ಚೇಚಿಯನ್ನು ಆಸ್ಪತ್ರೆಯಲ್ಲಿ ಇಳಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಹಮೀದಾಕನಿಗೆ ಬೈದದ್ದು. ಬಾಯಿಗೆ ಬಂದಂತೆ ಬೈದೆ. ಅವರು ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಚಹಾ ಕುಡಿಯದೆ ಹೋದರು. ಉಸ್ತುವಾರಿಯವರು ನನ್ನನ್ನು ಕೂರಿಸಿ ಸಮಾಧಾನ ಹೇಳಿದರು. "ಇದರಲ್ಲಿ ನಿಮ್ಮ ತಪ್ಪೆಂತ? ಮನೆಯವರ ತಿಳುವಳಿಕೆ ಇಲ್ಲದೆ ಮಾದರಿ ಹಾಳಾಯ್ತು, ಚಾಲಕನ ನಿರ್ಲಕ್ಷ್ಯ ಅಂತ ಒಂದು ಪುಟ ಬರೀರಿ, ಮುಗೀತು." ನನಗೂ ಅದು ಸರಿಯೆಂದೇ ಕಂಡಿತು. ಬರೆದೆ. ಚೆನ್ನಾಗಿಯೇ ಬರೆದಿದ್ದೆ.

ಅದನ್ನು ಹಿಡಿದುಕೊಂಡು ಸಂಜೆ ಕಿಣಿ ಸರ್ ಮನೆಗೆ ಹೋದೆ. ಅವರು ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಓದಲು ಆಗುವುದಿಲ್ಲ, ನೀವೇ ಓದಿ ಅಂದರು. ಓದಿದೆ. ಮುಗಿದ ಮೇಲೆ ಕೇಳಿದರು.

"ವಸಂತಿಯವರೇ, ಇದರಲ್ಲಿ 'ಅವರು' ಅಂತ ಎಷ್ಟು ಸಲ ಬಂತು?"

ಎಣಿಸಿದೆ. ಎಣಿಸುವುದೇ ನನ್ನ ಕಸುಬಲ್ಲವೇ. "ಒಂಬತ್ತು ಸಲ ಸರ್."

"'ನಾನು' ಅಂತ?"

ಮತ್ತೆ ಮೇಲಿಂದ ಕೆಳಗೆ ನೋಡಿದೆ. "ಒಮ್ಮೆಯೂ ಇಲ್ಲ ಸರ್."

"ಹಾಗಾದ್ರೆ ಸಂಶೋಧನೆ ಮಾಡಿದ್ದು ಯಾರು?"

ಕಪ್ಪು ಕನ್ನಡಕವನ್ನು ಒರೆಸುವ ಹಾಗಿರಲಿಲ್ಲ, ಕಣ್ಣಿಗೆ ಬೆಳಕು ತಾಗಬಾರದು. ಅವರ ಕೈ ಮಾತ್ರ ಕಿವಿಯ ಹತ್ತಿರ ಹೋಗಿ ವಾಪಸು ಬಂತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಲ್ಲಿಂದ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಚೇಚಿ ಜಪಮಾಲೆ ಹಿಡಿದು ಕೂತಿದ್ದರು. ಬೆಂಚಿನ ಇನ್ನೊಂದು ತುದಿಯಲ್ಲಿ ಹಮೀದಾಕ. ನನ್ನ ಬೈಗಳು ತಿಂದು ಸೀದಾ ಇಲ್ಲಿಗೇ ಬಂದಿದ್ದರು, ರಕ್ತ ಕೊಡುವವರು ಬೇಕಾದೀತೆಂದು ತಮ್ಮ ಇಬ್ಬರು ಅಳಿಯಂದಿರನ್ನೂ ಕರೆತಂದಿದ್ದರು. ನನ್ನನ್ನು ಕಂಡು ಎದ್ದು ಕಿಟಕಿಯ ಹತ್ತಿರ ಹೋದರು.

ಚೇಚಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಜೆಸ್ಸಿಯ ರಕ್ತದ ಕಣಗಳು ಇನ್ನೂ ಇಳಿಯುತ್ತಿವೆ, ಈ ರಾತ್ರಿ ಕಳೆಯಬೇಕು, ಮಗುವಿನ ಮಾತು ಆಮೇಲೆ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಹೇಳಿ ಮುಗಿಸಿ, ದನಿ ತಗ್ಗಿಸಿ ಕೇಳಿದರು.

"ಹಮೀದ್ ಹತ್ತಿರ ನಾನೇ ಕೇಳಿದೆ, ಟೀಚರಿಗೆ ಎಂತಕ್ಕೆ ಸಿಟ್ಟು ಬಂದದ್ದು ಅಂತ. ಡಬ್ಬಿ ತೊಳೀಬಾರ್ದಿತ್ತಂತೆ ಅಂತ ಹೇಳಿದ. ಹೌದಾ ಟೀಚರೆ? ನಾನು ತೊಳೆದದ್ದಕ್ಕಾ ನನ್ನ ಮೋಳಿಗೆ ಹೀಗಾದ್ದು?"

ನನ್ನ ಚೀಲದಲ್ಲಿ ಆ ಒಂದು ಪುಟ ಇತ್ತು. ಅದರಲ್ಲಿ ಬರೆದದ್ದೂ ಇದೇ ಮಾತು, ಸ್ವಲ್ಪ ದೊಡ್ಡ ಶಬ್ದಗಳಲ್ಲಿ.

"ಅಲ್ಲ ಚೇಚಿ" ಅಂದೆ. "ನೀವು ಡಬ್ಬಿ ತೊಳೆದದ್ದು ಮರ್ಯಾದೆಗೆ. ನೋಡದೆ ನುಸಿ ಇಲ್ಲ ಅಂತ ಬರೆದದ್ದು ನಾನು. ನಾನು ಹಾಗೆ ಹೇಳದಿದ್ರೆ ನಿಮ್ಮ ಗುಡ್ಡಕ್ಕೆ ಎಲ್ಲರಿಗಿಂತ ಮೊದಲು ಜನ ಬರ್ತಿದ್ರು. ತಪ್ಪು ನನ್ನದು."

ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅವರಿಗೆ ನನ್ನ ನಕ್ಷೆ, ಸೊನ್ನೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ನನ್ನ ಬೆನ್ನು ಸವರುತ್ತಾ, "ಸಾಕು ಮೋಳೆ. ಊಟ ಮಾಡಿದ್ದೀಯಾ?" ಅಂದರು. ಮಾಡಿರಲಿಲ್ಲ. ಜೆಸ್ಸಿಗೆ ಸೇರದೆ ಉಳಿದ ಗಂಜಿಯನ್ನು ಬುತ್ತಿಯ ಮುಚ್ಚಳಕ್ಕೆ ಹಾಕಿ ನನಗೆ ಕುಡಿಸಿದರು. ನನ್ನ ಸೊನ್ನೆಯಿಂದ ಆಸ್ಪತ್ರೆ ಸೇರಿದ ಹುಡುಗಿಯ ಪಾಲಿನ ಗಂಜಿ ಅದು. ಇವತ್ತಿಗೂ ಗಂಜಿ ನೋಡಿದರೆ ನನಗೆ ಆ ಬೆಂಚು ನೆನಪಾಗುತ್ತದೆ.

ಆ ಪುಟವನ್ನು ಹರಿದೆ. ಮರುದಿನವೇ ಸಭೆ ಕರೆಯಲು ಕೇಳಿಕೊಂಡು, ಅದೇ ಜನರ ಮುಂದೆ ಅದೇ ನಕ್ಷೆ ತೂಗುಹಾಕಿ, ಗುಡ್ಡದ ಎಂಟು ಮನೆಯ ಸೊನ್ನೆ ನಾನು ನೋಡದೆ ಬರೆದ ಸೊನ್ನೆ ಎಂದು ಹೇಳಿದೆ. ಉಸ್ತುವಾರಿಯವರು ನೆಲ ನೋಡುತ್ತಿದ್ದರು. ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ನಗಲಿ ಅನ್ನಿಸಿತು. ಮಧ್ಯಾಹ್ನಕ್ಕೆ ಗುಡ್ಡಕ್ಕೆ ಜನ ಹೊರಟರು. ನಾವೂ ಹೋದೆವು. ಎರಡು ದಿನ ಮರಮರಕ್ಕೂ ಹೋಗಿ ಬಟ್ಟಲು ಕವುಚಿ ಹಾಕಿದೆವು. ಮೂರನೇ ದಿನದಿಂದ ಗುಡ್ಡದವರೇ ಮುಂದುವರಿಸಿದರು.

ಜೆಸ್ಸಿಗೆ ಆ ರಾತ್ರಿ ಕಳೆಯಿತು, ಇನ್ನೂ ಎರಡು ರಾತ್ರಿ ಕಳೆದವು. ನಾಲ್ಕನೇ ದಿನ ಎದ್ದು ಕೂತು ಮೀನುಸಾರು ಕೇಳಿದಳಂತೆ. ಹೆರಿಗೆ ತಿಂಗಳು ತುಂಬಿದ ಮೇಲೇ ಆಯಿತು, ಹೆಣ್ಣು ಮಗು. ಹೆಸರು ಅಲೀನಾ. ಮಗುವನ್ನು ಮೊದಲು ಎತ್ತಿಕೊಂಡ ದಿನ ನಾನು ಅದರ ಬೆರಳು ಎಣಿಸಿದ್ದನ್ನು ನೋಡಿ ಎಲ್ಲರೂ ನಕ್ಕರು.

ಹಮೀದಾಕನ ಹತ್ತಿರ ಕ್ಷಮೆ ಕೇಳಲು ನನಗೆ ಒಂದು ವಾರ ಬೇಕಾಯಿತು. ಜೀಪಿನಲ್ಲಿ ಮುಂದೆ ಕೂತು, ಮುಖ ನೋಡದೆ, "ನಾನು ಹಾಗೆ ಬೈಬಾರ್ದಿತ್ತು" ಅಂದೆ.

"ಬೈದದ್ದು ಹೋಗ್ಲಿ ಮೇಡಂ" ಅಂದರು. "ಹಿತ್ತಿಲಿಗೆ ನಾನು ಹೋಗುದಿಲ್ಲ. ಅದು ಮಾತ್ರ ಆಗುದಿಲ್ಲ, ಹೇಳಿಬಿಡ್ತೇನೆ. ಆ ಹೆಂಗಸ್ರಿಗೂ ನಮ್ಮನ್ನು ಬರಿಗೈಲಿ ಕಳಿಸ್ಲಿಕ್ಕೆ ಆಗುದಿಲ್ಲ. ನೀವು ತೊಳೀಬೇಡಿ ಅಂತ ಸಾವಿರ ಸಲ ಹೇಳಿ, ಅವ್ರ ಕೈ ಕೇಳುದಿಲ್ಲ ಮಾರಾಯ್ರೆ. ಒಂದು ಕೆಲ್ಸ ಮಾಡಿ. ಇನ್ನೊಂದು ಡಬ್ಬಿ ಕೊಡಿ, ಬೇರೆ ಬಣ್ಣದ್ದು. ಅದನ್ನು ಅವ್ರು ತೊಳೀಲಿ, ತುಂಬಿಸ್ಲಿ, ಎಂತ ಬೇಕಾದ್ರೂ ಮಾಡ್ಲಿ. ಕಪ್ಪಿನದ್ದು ಮುಟ್ಟುದಿಲ್ಲ ಆಗ."

ಹೀಗೆ ಬಂದದ್ದು ಶ್ರಾವ್ಯ, ನಿನ್ನ ಬಿಳಿ ಡಬ್ಬಿ. ಕಪ್ಪು ಡಬ್ಬಿ ಎತ್ತಲು ಆಮೇಲೆ ಯಾವಾಗಲೂ ಒಬ್ಬ ಹೆಂಗಸನ್ನೇ ಹಿತ್ತಿಲಿಗೆ ಕಳಿಸಿದೆವು. ಬಿಳಿ ಡಬ್ಬಿಯನ್ನು ಹಮೀದಾಕ ಅಂಗಳದಲ್ಲಿ ನಿಂತು ಇಸಿದುಕೊಳ್ಳುತ್ತಿದ್ದರು. ಖರೀದಿಯ ಅರ್ಜಿಯಲ್ಲಿ ಕಾರಣ ಎಂಬ ಜಾಗದಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ, ಅರ್ಜಿ ವಾಪಸು ಬಂತು. ಕಣ್ಣು ಸರಿಯಾಗಿ ಕೆಲಸಕ್ಕೆ ಮರಳಿದ್ದ ಕಿಣಿ ಸರ್ ಹಸಿರು ಪೆನ್ನಿನಲ್ಲಿ ನನ್ನದನ್ನು ಹೊಡೆದುಹಾಕಿ 'ಕಂಟ್ರೋಲ್' ಎಂದು ಒಂದೇ ಪದ ಬರೆದರು, ಪ್ರಯೋಗದಲ್ಲಿ ಹೋಲಿಸಿ ನೋಡಲು ಇಡುವುದಕ್ಕೆ ಹೇಳುವ ಪದ. ಅರ್ಜಿ ಪಾಸಾಯಿತು. "ಸುಳ್ಳಲ್ಲವಾ ಸರ್?" ಅಂದೆ. "ಅಲ್ಲ. ಇದಿಲ್ಲದಿದ್ರೆ ನಿಮ್ಮ ಪ್ರಯೋಗ ಯಾರ ಕಂಟ್ರೋಲಿನಲ್ಲಿತ್ತು ಅಂತ ನೋಡಿದ್ದೇವಲ್ಲ" ಅಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಆ ಒಂದು ಸಲ.

ನೋಟ್‌ಬುಕ್ಕಿನಲ್ಲಿ ಅಂಕಿಯ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿದೆ. 'ನೋಡಿದ್ದೇನೆ' ಅಥವಾ 'ನೋಡಿಲ್ಲ', ಎರಡರಲ್ಲಿ ಒಂದು ಬರೆದು ಸಹಿ ಹಾಕಬೇಕು. ಈಗ ನೀವು ಮೊಬೈಲಿನಲ್ಲಿ ಒತ್ತುವ ಆ ಚೌಕ ಇದೆಯಲ್ಲ, ಅದು ಅಲ್ಲಿಂದಲೇ ಬಂದದ್ದು. ನಾವು ಒಂದು ವಾರ ಮಾಡುತ್ತಿದ್ದ ಕೆಲಸವನ್ನು ನಿಮ್ಮ ಯಂತ್ರ ಮಧ್ಯಾಹ್ನದೊಳಗೆ ಮಾಡಿ ಮುಗಿಸುತ್ತದೆ. ಸಂತೋಷ. ಆದರೆ ಆ ಚೌಕವನ್ನು ಸುಮ್ಮನೆ ಒತ್ತಬೇಡ. ಸಾಬೂನಿನ ವಾಸನೆ ಹಿಡಿಯುವ ಯಂತ್ರ ಇನ್ನೂ ಬಂದಿಲ್ಲ.

ಬಿಳಿ ಡಬ್ಬಿಯಲ್ಲಿ ಏನೇನು ಬಂತೆಂದು ಬರೆದರೆ ಅದೇ ಒಂದು ಪುಸ್ತಕ. ಆಲಂಕಾರಿನ ಐಸಮ್ಮ, ಮಗ ಊರಿಗೆ ಬಂದಾಗಲೆಲ್ಲ ಗಲ್ಫಿನ ಖರ್ಜೂರ ತುಂಬಿಸುತ್ತಿದ್ದರು. ಕಲ್ಲುಗುಂಡಿಯಿಂದ ಜೇನು ಬರುತ್ತಿತ್ತು, ಮುಚ್ಚಳ ಸರಿ ಕೂರದೆ ಜೀಪಿನ ಸೀಟಿಗೆಲ್ಲ ಅಂಟುತ್ತಿತ್ತು. ಒಬ್ಬರು ಮಗಳ ಜಾತಕ ಹಾಕಿ ಕಳಿಸಿದ್ದರು, ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಗಂಡು ಇದ್ದರೆ ನೋಡಿ ಎಂದು.

ಕಿಣಿ ಸರ್ ಈಗ ಇಲ್ಲ. ಹಮೀದಾಕ ಮನೆಯಲ್ಲಿದ್ದಾರೆ, ಮಂಡಿನೋವು. ನಾನು ನಿವೃತ್ತಳಾಗುವ ಮೊದಲಿನ ಕೊನೆಯ ಸೋಮವಾರ ಬೇರೆ ಯಾರನ್ನೂ ಕಳಿಸದೆ ಗುಡ್ಡಕ್ಕೆ ನಾನೇ ಹೋದೆ. ಹೊಸ ಚಾಲಕ ಅಂಗಳದ ಆಚೆ ನಿಂತ. ಯಾರೂ ಹೇಳಿಕೊಟ್ಟದ್ದಲ್ಲ, ಅವನೂ ಈ ಊರಿನವನೇ. ಭರ್ತಿ ಮಳೆಗಾಲ. ತೋಟದಲ್ಲಿ ಕಣ್ಣು ಹೋದಷ್ಟು ದೂರ ಮರಮರದಲ್ಲೂ ಬಟ್ಟಲು ಕವುಚಿತ್ತು. ಹಾಲು ನಿಂತ ದಿನವೇ ಕವುಚಿ ಹಾಕುವುದು ಆ ಗುಡ್ಡದಲ್ಲಿ ಈಗ ಯಾರಿಗೂ ಹೇಳಬೇಕಾದ ಕೆಲಸವಲ್ಲ.

ಎಪ್ಪತ್ತೈದು ದಾಟಿದ ಏಲಿಯಮ್ಮ ಚೇಚಿ ಜೆಸ್ಸಿಯ ಕೈ ಹಿಡಿದುಕೊಂಡು ನನ್ನ ಹಿಂದೆಯೇ ಹಿತ್ತಿಲಿಗೆ ಬಂದರು. ಒಗೆಯುವ ಕಲ್ಲಿನ ಹತ್ತಿರ ಕಪ್ಪು ಡಬ್ಬಿ ಪಾಚಿಗಟ್ಟಿ, ಎಲೆ ಬಿದ್ದು, ನೋಡಲು ಅಸಹ್ಯವಾಗಿತ್ತು. ಆ ಥಳಥಳ ಹಿತ್ತಿಲಿನಲ್ಲಿ ಅದೊಂದೇ ಕೊಳಕು ವಸ್ತು. "ಈ ಅಮ್ಮಚ್ಚಿ ನನಗೆ ಆ ಎಲೆ ತೆಗಿಲಿಕ್ಕೂ ಬಿಡುದಿಲ್ಲ" ಅಂದಳು ಜೆಸ್ಸಿ.

ಪಟ್ಟಿ ತೆಗೆದು ಭೂತಗನ್ನಡಿ ಹಿಡಿದೆ. ಒಂದು ಬದಿ ನೋಡಿದೆ, ತಿರುಗಿಸಿ ಇನ್ನೊಂದು ಬದಿ ನೋಡಿದೆ. ಮೂಗಿನ ಹತ್ತಿರ ತಂದು ಮೂಸಿದೆ. ಕೆಸರಿನ ವಾಸನೆ ಮಾತ್ರ. ಡಬ್ಬಿಯ ನೀರನ್ನು ಬಿಳಿ ತಟ್ಟೆಗೆ ಸುರಿದು ಕಾದೆ. ಏನೂ ಅಲುಗಲಿಲ್ಲ.

"ಎಷ್ಟು ಉಂಟು ಮೋಳೆ?" ಕೇಳಿದರು ಚೇಚಿ.

"ಇಲ್ಲ ಚೇಚಿ. ಒಂದೂ ಇಲ್ಲ."

ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ಅವರ ಮುಖ ಮಾತ್ರ ಬಾಡಿತು. ಮೆಣಸು ತುಂಬಿದ ಬಿಳಿ ಡಬ್ಬಿ ಜೆಸ್ಸಿಯ ಕೈಯಲ್ಲೇ ಇತ್ತು. ಅದರ ಕಡೆ ಅವರು ನೋಡಲೂ ಇಲ್ಲ. ನನ್ನ ಕೈಯ ಕಪ್ಪು ಡಬ್ಬಿಯನ್ನೇ ನೋಡುತ್ತಾ, "ಅಯ್ಯೋ, ನೀನು ಬರುದು ಇವತ್ತೇ ಕಡೆ ಅಲ್ವಾ? ಬರಿ ಡಬ್ಬಿ ಕೊಟ್ಟ ಹಾಗಾಯ್ತಲ್ಲ" ಅಂದರು.

ಒಗೆಯುವ ಕಲ್ಲಿನ ಮೇಲೆ ನೋಟ್‌ಬುಕ್ಕು ಇಟ್ಟು ಸೊನ್ನೆ ಬರೆದೆ. ಪಕ್ಕದ ಕಾಲಮಿನಲ್ಲಿ 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದೆ. ನನ್ನ ಕೆಲಸದಲ್ಲಿ ನಾನು ಬರೆದ ಕೊನೆಯ ಅಂಕಿ ಅದು. ಅದರಷ್ಟು ಖುಷಿಯಿಂದ ಬೇರೆ ಯಾವ ಅಂಕಿಯನ್ನೂ ಬರೆದಿಲ್ಲ. ಚೇಚಿಗೆ ಅದನ್ನು ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ಜೀಪು ಹತ್ತುವವರೆಗೂ ನನ್ನ ಕೈ ಬಿಡದೆ, "ಇನ್ನೊಂದು ಸೋಮವಾರ ಬಾ ಮೋಳೆ, ಒಂದೆರಡಾದ್ರೂ ಮಾಡಿ ಇಟ್ಟಿರ್ತೇನೆ" ಅಂದರು.